ಹನ್ನೆರಡನೇ ಮಹಡಿಗೆ ಹಿತ್ತಲ ಬಾಗಿಲು ಎಲ್ಲಿದೆ?

ಊರಿನ ಹಂಚಿನ ಮನೆಗೆ ಎರಡು ಬಾಗಿಲು. ಒಂದು ಜಗಲಿಗೆ, ಇನ್ನೊಂದು ಹಿತ್ತಲಿಗೆ. ಒಲೆಯ ಬೆಂಕಿ ಕೈಮೀರಿದರೆ ಮಕ್ಕಳನ್ನು ಎತ್ತಿಕೊಂಡು ಹತ್ತಿರದ ಬಾಗಿಲಿಂದ ಹೊರಗೆ ಓಡಿದರೆ ಸಾಕು, ಕಾಲಿಗೆ ಮಣ್ಣು ಸಿಗುತ್ತಿತ್ತು. ಅಂಥ ಮನೆಗಳಲ್ಲಿ ಬೆಳೆದ ಎಷ್ಟೋ ಜನ ಈಗ ಹತ್ತನೇ, ಹನ್ನೆರಡನೇ, ಇಪ್ಪತ್ತನೇ ಮಹಡಿಯಲ್ಲಿದ್ದೇವೆ. ಫ್ಲ್ಯಾಟಿಗೆ ಬಾಗಿಲು ಒಂದೇ. ಅದನ್ನು ತೆರೆದರೆ ಅಂಗಳ ಸಿಗುವುದಿಲ್ಲ, ಕಾರಿಡಾರ್ ಸಿಗುತ್ತದೆ. ಅಲ್ಲಿಂದ ನೆಲ ಮುಟ್ಟಲು ನಂಬಬಹುದಾದ ದಾರಿ ಮೆಟ್ಟಿಲು ಮಾತ್ರ. ಹಾಗಾಗಿ ಹನ್ನೆರಡನೇ ಮಹಡಿಯ ಹಿತ್ತಲ ಬಾಗಿಲು ಎಂದರೆ ಕಾರಿಡಾರಿನ ಕೊನೆಯಲ್ಲಿರುವ ಆ ಮೆಟ್ಟಿಲ ಬಾಗಿಲು. ಲಿಫ್ಟಿನಲ್ಲೇ ಓಡಾಡುವ ನಾವು ಅದನ್ನು ತಿಂಗಳುಗಟ್ಟಲೆ ಮುಟ್ಟಿಯೂ ಇರುವುದಿಲ್ಲ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಕಾಣಿಸಿಕೊಂಡು ಒಂಬತ್ತು ಜನ ತೀರಿಕೊಂಡರು. ಅದು ಕಚೇರಿಗಳಿದ್ದ ಕಟ್ಟಡ. ಆದರೂ ಅಲ್ಲಿ ಆದದ್ದು ನಮ್ಮ ಯಾವ ಅಪಾರ್ಟ್‌ಮೆಂಟಿನಲ್ಲೂ ಆಗಬಹುದು. ವಿದ್ಯುತ್ ಕೇಬಲ್ ಹಾಯುವ ಡಕ್ಟ್‌ನಲ್ಲಿ ಬೆಂಕಿ ಹೊತ್ತಿತು. ಹೊಗೆ ಮೇಲಿನ ಮಹಡಿಗಳಿಗೆ ಏರಿತು. ತುರ್ತು ದಾರಿಯ ಬಾಗಿಲುಗಳಿಗೆ ಬೀಗ ಹಾಕಿತ್ತು. ಉಸಿರು ಕಟ್ಟಿದವರು ಕಿಟಕಿಯ ಗಾಜು ಒಡೆದರು, ಕೆಲವರು ಅಲ್ಲಿಂದಲೇ ಕೆಳಗೆ ಹಾರಿದರು. ಜ್ವಾಲೆ ಅವರ ಹತ್ತಿರಕ್ಕೂ ಹೋಗಿರಲಿಲ್ಲ.

ಬೆಂಕಿಗೆ ಮೊದಲು ಹೊಗೆ ಬರುತ್ತದೆ, ಹೊಗೆಯನ್ನು ತಡೆಯುವುದು ಬಾಗಿಲು. ಎರಡು ವರ್ಷದಿಂದ ನಮ್ಮ ಸಮುಚ್ಚಯದ ನಿವಾಸಿಗಳ ಸಂಘದಲ್ಲಿ ಬೆಂಕಿ ಸುರಕ್ಷತೆಯ ಕೆಲಸ ನೋಡಿಕೊಳ್ಳುತ್ತಿರುವ ನನಗೆ ಇದಕ್ಕಿಂತ ಮುಖ್ಯವಾದದ್ದು ಕಂಡಿಲ್ಲ.

ಹೊಗೆ ಹೇಗೆ ಕೊಲ್ಲುತ್ತದೆ

ಬಚ್ಚಲಿನ ಹಂಡೆ ಒಲೆ ನೆನಪಿರುವವರಿಗೆ ಹೊಗೆಯ ಸ್ವಭಾವ ಗೊತ್ತು. ಹಸಿ ಸೌದೆ ಇಟ್ಟ ದಿನ ಬಾಗಿಲಲ್ಲಿ ನಿಂತವರ ಕಣ್ಣು ಉರಿಯುತ್ತಿತ್ತು. ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಊದುಕೊಳವೆ ಊದುತ್ತಿದ್ದ ಅಜ್ಜಿ ಹೇಗೋ ಉಸಿರಾಡುತ್ತಿದ್ದರು. ಬಿಸಿ ಹೊಗೆ ಮೊದಲು ಸೂರಿಗೆ ಏರುತ್ತದೆ, ಅಲ್ಲಿ ಜಾಗ ತುಂಬಿದ ಮೇಲೆ ಪದರ ಪದರವಾಗಿ ಕೆಳಗಿಳಿಯುತ್ತದೆ. ನೆಲದ ಹತ್ತಿರದ ಗಾಳಿ ಕೊನೆಯವರೆಗೂ ಸ್ವಲ್ಪ ತಂಪು, ಸ್ವಲ್ಪ ತಿಳಿ. ಹೊಗೆಯಲ್ಲಿ ಸಿಕ್ಕಿಕೊಂಡರೆ ತೆವಳಿಕೊಂಡು ಹೋಗಿ ಎನ್ನುವುದು ಇದೇ ಕಾರಣಕ್ಕೆ.

ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಅನಿಲ ಅಪಾಯಕಾರಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವುದು ಹಿಮೋಗ್ಲೋಬಿನ್. ಅದಕ್ಕೆ ಈ ಅನಿಲ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟುಗಳಿಗೆಲ್ಲ ಯಾರೋ ಮೊದಲೇ ಟವೆಲ್ ಹಾಕಿ ಹಿಡಿದಂತೆ. ಬಸ್ಸು ಓಡುತ್ತಲೇ ಇರುತ್ತದೆ, ಆಮ್ಲಜನಕಕ್ಕೆ ಕೂರಲು ಜಾಗವಿಲ್ಲ. ಮೊದಲು ತಲೆನೋವು, ತಲೆಸುತ್ತು, ಆಮೇಲೆ ಯಾವ ಕಡೆ ಹೋಗಬೇಕೆಂದೇ ತಿಳಿಯದ ಮಂಕು, ಕೊನೆಗೆ ಪ್ರಜ್ಞೆ ತಪ್ಪುತ್ತದೆ. ಮಲಗಿರುವವರು ಹೊಗೆಯ ವಾಸನೆಗೆ ಎಚ್ಚರಗೊಳ್ಳುತ್ತಾರೆ ಎಂದು ನಂಬಿಕೊಳ್ಳಬೇಡಿ. ಮಲಗುವ ಕೋಣೆಯ ಹತ್ತಿರ ಸೂರಿಗೆ ಅಂಟಿಸುವ, ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಸ್ಮೋಕ್ ಅಲಾರಂ ಮಾಡುವ ಕೆಲಸವನ್ನು ಮೂಗು ಮಾಡಲಾರದು.

ಸೋಫಾ, ಹಾಸಿಗೆಗಳಲ್ಲಿರುವ ಫೋಮ್ ಉರಿದರೆ ಹೈಡ್ರೋಜನ್ ಸೈನೈಡ್ ಎಂಬ ವಿಷವೂ ಹೊರಡುತ್ತದೆ. ಜೊತೆಗೆ ಈಗಿನ ಮನೆ ಬೇಗ ಉರಿಯುತ್ತದೆ. ಅಮೆರಿಕದ ಅಂಡರ್‌ರೈಟರ್ಸ್ ಲ್ಯಾಬೊರೇಟರೀಸ್ ಸಂಸ್ಥೆ ಎರಡು ಕೋಣೆಗಳಿಗೆ ಬೆಂಕಿ ಇಟ್ಟು ಹೋಲಿಸಿ ನೋಡಿತ್ತು. ಹಳೆಯ ಕಾಲದ ಮರ, ಹತ್ತಿಯ ಸಾಮಾನಿದ್ದ ಕೋಣೆ ಪೂರ್ತಿ ಹೊತ್ತಿಕೊಳ್ಳಲು ಸುಮಾರು ಅರ್ಧ ಗಂಟೆ ಹಿಡಿಯಿತು. ಇಂದಿನ ಫೋಮ್, ಪಾಲಿಯೆಸ್ಟರ್ ಸಾಮಾನಿದ್ದ ಕೋಣೆಗೆ ಐದು ನಿಮಿಷವೂ ಬೇಕಾಗಲಿಲ್ಲ. ಒಡವೆ, ದಾಖಲೆ ಹುಡುಕುತ್ತಾ ನಿಲ್ಲಬೇಡಿ ಎಂದು ಅಗ್ನಿಶಾಮಕ ಸಿಬ್ಬಂದಿ ಗೋಗರೆಯುವುದು ಈ ಐದು ನಿಮಿಷದ ಲೆಕ್ಕ ಗೊತ್ತಿರುವುದರಿಂದ.

ಮೂಗಿಗೆ ಒದ್ದೆ ಬಟ್ಟೆ ಹಿಡಿದುಕೊಳ್ಳುವ ಬಗ್ಗೆಯೂ ಒಂದು ಮಾತು. ಅದು ಮಸಿಯನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆ, ಕಾರ್ಬನ್ ಮೊನಾಕ್ಸೈಡನ್ನು ತಡೆಯುವುದಿಲ್ಲ. ಬಟ್ಟೆ ಇದೆ ಎಂಬ ಧೈರ್ಯದಲ್ಲಿ ದಟ್ಟ ಹೊಗೆಗೆ ನುಗ್ಗಬಾರದು.

ಮೆಟ್ಟಿಲ ಬಳಿಯ ಭಾರದ ಬಾಗಿಲು

ಮೆಟ್ಟಿಲಿರುವ ಜಾಗ ತಳದಿಂದ ತುದಿಯವರೆಗೆ ಒಂದೇ ಟೊಳ್ಳು ಕಂಬ. ಅದರೊಳಕ್ಕೆ ಹೊಗೆ ಸೇರಿದರೆ ಇಟ್ಟಿಗೆ ಗೂಡಿನ ಚಿಮಣಿಯ ಹಾಗೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಮೂರನೇ ಮಹಡಿಯಲ್ಲಿ ಬೆಂಕಿ ಬಿದ್ದಾಗ ಹನ್ನೆರಡನೇ ಮಹಡಿಯವರು ಕೆಮ್ಮುವುದು ಹೀಗೆ. ಕೇಬಲ್ ಡಕ್ಟ್, ಲಿಫ್ಟ್ ಓಡಾಡುವ ಶಾಫ್ಟ್ ಕೂಡ ಇಂಥವೇ ಕಂಬಗಳು. ಕೇಬಲ್ ಡಕ್ಟ್‌ನಲ್ಲಿ ಪ್ರತಿ ಮಹಡಿಯ ಮಟ್ಟದಲ್ಲಿ ಬೆಂಕಿ ತಡೆಯುವ ಸಾಮಗ್ರಿಯಿಂದ ಸಂದು ಮುಚ್ಚಿರಬೇಕು. ಹೊಸ ಇಂಟರ್‌ನೆಟ್ ತಂತಿ ಎಳೆಯಲು ಬಂದವರು ಆ ಮುಚ್ಚಳವನ್ನು ಒಡೆದು ಹಾಗೇ ಬಿಟ್ಟುಹೋಗುತ್ತಾರೆ. ಟಾರ್ಚ್ ಹಿಡಿದು ಡಕ್ಟ್‌ನೊಳಗೆ ಮೇಲೆ ನೋಡಿ. ಮೇಲಿನ ಮಹಡಿ ಕಂಡರೆ ಹೊಗೆಗೂ ಆ ದಾರಿ ಕಾಣುತ್ತದೆ.

ಮೆಟ್ಟಿಲಿಗೆ ಹೊಗೆ ನುಗ್ಗದಂತೆ ಕಾಯುವುದು ಫೈರ್ ಡೋರ್. ಇದನ್ನು ಬೆಂಕಿ, ಹೊಗೆಯನ್ನು ಗಂಟೆಗಳ ಲೆಕ್ಕದಲ್ಲಿ ತಡೆಯುವಂತೆ ಮಾಡಿರುತ್ತಾರೆ. ಮೇಲ್ಗಡೆ ಒಂದು ಡೋರ್ ಕ್ಲೋಸರ್ ಇರುತ್ತದೆ, ಕೈಬಿಟ್ಟರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳಲಿ ಎಂದು. ಕೆಲವು ಕಡೆ ಮೆಟ್ಟಿಲಿನ ಒಳಕ್ಕೆ ಫ್ಯಾನಿನಿಂದ ಗಾಳಿ ತುಂಬುವ ಏರ್ಪಾಡೂ ಇದೆ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ತುಂಬಿದ ಟ್ಯೂಬನ್ನು ನೀರಿನಲ್ಲಿ ಅದ್ದಿದಾಗ ತೂತಿನಿಂದ ಗುಳ್ಳೆ ಹೊರಗೆ ಬರುತ್ತದೆಯೇ ಹೊರತು ನೀರು ಒಳಗೆ ಹೋಗುವುದಿಲ್ಲ. ಅದೇ ತತ್ವ. ಮೆಟ್ಟಿಲಿನೊಳಗಿನ ಒತ್ತಡ ಹೆಚ್ಚಿದ್ದರೆ ಹೊಗೆ ಒಳನುಗ್ಗಲಾರದು. ಆದರೆ ಬಾಗಿಲೇ ತೆರೆದಿದ್ದರೆ ಟ್ಯೂಬ್ ಹರಿದುಹೋದ ಹಾಗೆ.

ನಮ್ಮಲ್ಲಿ ಏಳನೇ ಮಹಡಿಯ ಫೈರ್ ಡೋರಿಗೆ ಯಾರೋ ಒಂದು ತುಳಸಿ ಕುಂಡವನ್ನು ಒತ್ತಿ ಇಟ್ಟಿದ್ದರು. ಬಾಗಿಲು ಧಡ್ ಎಂದು ಬಡಿಯುತ್ತದೆ, ಮಗು ಏಳುತ್ತದೆ, ಗಾಳಿಯೂ ಬರಲಿ ಎಂದು. ಅವರ ಕಷ್ಟ ನಿಜವಾದದ್ದೇ. ಕ್ಲೋಸರಿನ ಸ್ಕ್ರೂ ಹದಗೊಳಿಸಿದರೆ ಬಾಗಿಲು ಸದ್ದಿಲ್ಲದೆ ಮುಚ್ಚುತ್ತದೆ. ನಿರ್ವಹಣೆಯ ಹುಡುಗನಿಗೆ ಅದು ಹತ್ತು ನಿಮಿಷದ ಕೆಲಸ. ಇಟ್ಟಿಗೆ, ಕುಂಡ, ಹಗ್ಗ ಏನೇ ಇದ್ದರೂ ಇವತ್ತೇ ತೆಗೆಸಿ. ಬೀಗವಂತೂ ಯಾವ ಕಾರಣಕ್ಕೂ ಕೂಡದು. ಕಳ್ಳರ ಭಯವಿದ್ದರೆ ಒಳಗಿನಿಂದ ತಳ್ಳಿದರೆ ತೆರೆಯುವ, ಹೊರಗಿನಿಂದ ತೆರೆಯಲಾಗದ ಅಡ್ಡಪಟ್ಟಿಯ ಚಿಲಕಗಳಿವೆ, ಅದನ್ನು ಹಾಕಿಸಬಹುದು.

ಮೆಟ್ಟಿಲಿನ ತಿರುವಿನಲ್ಲಿ ಇಟ್ಟ ಹಳೆ ಹಾಸಿಗೆ, ಮಕ್ಕಳ ಸೈಕಲ್, ದಿನಪತ್ರಿಕೆಯ ಕಟ್ಟು ಬೆಳಕಿದ್ದಾಗ ತೊಂದರೆ ಅನ್ನಿಸುವುದಿಲ್ಲ. ಕರೆಂಟ್ ಹೋಗಿ ಹೊಗೆ ಕವಿದಾಗ ಜನ ಗೋಡೆ ತಡವಿಕೊಂಡು ಇಳಿಯುತ್ತಾರೆ. ಮೊದಲನೆಯವರು ಎಡವಿ ಬಿದ್ದರೆ ಹಿಂದಿದ್ದವರೆಲ್ಲ ಅವರ ಮೇಲೆ.

ಲಿಫ್ಟ್ ಬೇಡ, ಟೆರೇಸೂ ಬೇಡ

ಲಿಫ್ಟಿನಲ್ಲಿ ಹೋಗಬೇಡಿ ಎಂಬ ಫಲಕ ಎಲ್ಲ ಕಡೆ ಇದೆ, ಕಾರಣ ಬರೆದಿರುವುದಿಲ್ಲ. ವಿದ್ಯುತ್ ಕಡಿತವಾದರೆ ಎರಡು ಮಹಡಿಗಳ ನಡುವೆ ನಿಲ್ಲಬಹುದು. ಬೆಂಕಿ ಬಿದ್ದ ಮಹಡಿಯಲ್ಲೇ ನಿಂತು ಬಾಗಿಲು ತೆರೆದುಕೊಳ್ಳಬಹುದು. ಶಾಫ್ಟಿನ ಹೊಗೆಯೆಲ್ಲ ಆ ಪುಟ್ಟ ಪೆಟ್ಟಿಗೆಗೆ ಬರಬಹುದು. ಎತ್ತರದ ಕಟ್ಟಡಗಳಲ್ಲಿ ಫೈರ್ ಲಿಫ್ಟ್ ಎಂದು ಬೇರೆ ಇರುತ್ತದೆ, ಅದು ಅಗ್ನಿಶಾಮಕ ಸಿಬ್ಬಂದಿ ಮೇಲೆ ಹೋಗುವುದಕ್ಕೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಅದು ಒಂದು ನಿಮಿಷದೊಳಗೆ ತುದಿಯ ಮಹಡಿ ಮುಟ್ಟಬೇಕು. ಅದನ್ನು ನಾವು ಹಿಡಿದಿಟ್ಟುಕೊಂಡರೆ ನೆರವಿಗೆ ಬಂದವರು ಹೆಗಲ ಮೇಲೆ ಉಪಕರಣ ಹೊತ್ತು ಮೆಟ್ಟಿಲು ಹತ್ತಬೇಕು.

ಟೆರೇಸಿಗೆ ಓಡುವುದು ಸಹಜ ಬುದ್ಧಿ. ಆದರೆ ಹೊಗೆಯೂ ಅತ್ತಲೇ ಹೊರಟಿರುತ್ತದೆ. ಮೇಲೆ ಹೋದಾಗ ಬಾಗಿಲಿಗೆ ಬೀಗವಿದ್ದರೆ ಹಿಂದಿರುಗಲು ದಾರಿ ಇರುವುದಿಲ್ಲ.

ಇಳಿಯಬೇಕೋ, ಮನೆಯಲ್ಲೇ ಇರಬೇಕೋ

ಬೆಂಕಿ ನಿಮ್ಮ ಫ್ಲ್ಯಾಟಿನಲ್ಲೇ ಇದ್ದರೆ ಯೋಚಿಸುವುದೇನೂ ಇಲ್ಲ. ಎಲ್ಲರೂ ಹೊರಗೆ ಬನ್ನಿ, ಬಾಗಿಲನ್ನು ಎಳೆದು ಮುಚ್ಚಿ, ಬೀಗ ಹಾಕಬೇಡಿ. ಕಾರಿಡಾರಿನ ಕೆಂಪು ಪೆಟ್ಟಿಗೆಯ ಗಾಜು ಒಡೆದೋ ಒತ್ತಿಯೋ ಅಲಾರಂ ಕೂಗಿಸಿ, ಅಕ್ಕಪಕ್ಕದ ಬಾಗಿಲು ಬಡಿಯುತ್ತಾ ಮೆಟ್ಟಿಲಿಗೆ ಹೋಗಿ. 101 ಅಥವಾ 112ಕ್ಕೆ ಕರೆ ಮಾಡುವುದು ಸುರಕ್ಷಿತ ಜಾಗ ತಲುಪಿದ ಮೇಲೆ.

ಬಾಗಿಲು ಮುಚ್ಚಿ ಎನ್ನುವ ಮಾತನ್ನು ಎಷ್ಟು ಹೇಳಿದರೂ ಸಾಲದು. ಪ್ರಯೋಗಗಳಲ್ಲಿ ಬಾಗಿಲು ತೆರೆದಿದ್ದ ಕೋಣೆ 500 ಡಿಗ್ರಿ ಸೆಲ್ಸಿಯಸ್ ದಾಟಿದಾಗ, ಅದೇ ಮನೆಯ ಬಾಗಿಲು ಮುಚ್ಚಿದ್ದ ಕೋಣೆ ಬೇಸಿಗೆಯ ಮಧ್ಯಾಹ್ನದಷ್ಟೇ, 40 ಡಿಗ್ರಿಯ ಆಸುಪಾಸಿನಲ್ಲಿತ್ತು. ಎರಡೂ ಸಾಮಾನ್ಯ ಮನೆಯ ಬಾಗಿಲುಗಳೇ. ರಾತ್ರಿ ಮಲಗುವಾಗ ಕೋಣೆಯ ಬಾಗಿಲು ಮುಚ್ಚಿಕೊಳ್ಳುವುದಕ್ಕೆ ಒಂದು ಪೈಸೆ ಖರ್ಚಿಲ್ಲ.

ಬೆಂಕಿ ಬೇರೆ ಎಲ್ಲೋ ಇದೆ, ಅಲಾರಂ ಕೂಗುತ್ತಿದೆ ಎಂದಿಟ್ಟುಕೊಳ್ಳಿ. ಮುಂಬಾಗಿಲನ್ನು ಥಟ್ಟನೆ ತೆರೆಯಬೇಡಿ. ಮುಂಗೈಯನ್ನು, ಅಂದರೆ ಅಂಗೈಯ ಹಿಂಬದಿಯನ್ನು, ಬಾಗಿಲಿಗೆ ತಾಗಿಸಿ ನೋಡಿ. ಅಲ್ಲಿನ ಚರ್ಮಕ್ಕೆ ಬಿಸಿ ಬೇಗ ತಿಳಿಯುತ್ತದೆ. ಸುಟ್ಟರೂ ಹಿಡಿಯಲು, ತೆವಳಲು ಬೇಕಾದ ಅಂಗೈ ಉಳಿಯುತ್ತದೆ. ಬಾಗಿಲು ತಣ್ಣಗಿದ್ದು, ಸ್ವಲ್ಪ ತೆರೆದು ನೋಡಿದಾಗ ಕಾರಿಡಾರ್ ತಿಳಿಯಾಗಿದ್ದರೆ ಮೆಟ್ಟಿಲಿನಿಂದ ಇಳಿಯಿರಿ.

ಬಾಗಿಲು ಬಿಸಿಯಾಗಿದ್ದರೆ ಅಥವಾ ಕಾರಿಡಾರ್ ತುಂಬ ಹೊಗೆ ಇದ್ದರೆ ಒಳಗೇ ಉಳಿಯುವುದು ಕ್ಷೇಮ. ಬಾಗಿಲ ಕೆಳಗಿನ ಸಂದಿಗೆ, ಪಕ್ಕದ ಬಿರುಕಿಗೆ ಒದ್ದೆ ಟವೆಲ್, ಹಳೆ ಸೀರೆ ತುರುಕಿ. ಮುಂಬಾಗಿಲಿನಿಂದ ದೂರವಿರುವ, ರಸ್ತೆ ಕಡೆ ಕಿಟಕಿಯಿರುವ ಕೋಣೆಗೆ ಹೋಗಿ, ಆ ಬಾಗಿಲನ್ನೂ ಮುಚ್ಚಿ. ಫೋನಿನಲ್ಲಿ ಬ್ಲಾಕ್, ಮಹಡಿ, ಫ್ಲ್ಯಾಟ್ ಸಂಖ್ಯೆ, ಎಷ್ಟು ಜನ ಇದ್ದೀರಿ ಎಂದು ಹೇಳಿ. ಕಿಟಕಿಯಿಂದ ಬಣ್ಣದ ಬಟ್ಟೆ ಬೀಸಿ. ರಾತ್ರಿಯಾದರೆ ಮೊಬೈಲ್ ಟಾರ್ಚ್ ತೋರಿಸಿ.

ಆದರೆ ಒಳಗಿರುವ ನಿರ್ಧಾರ ಶಾಶ್ವತವಲ್ಲ. 2017ರ ಜೂನ್ 14ರ ನಸುಕಿನಲ್ಲಿ ಲಂಡನ್ನಿನ 24 ಮಹಡಿಯ ಗ್ರೆನ್‌ಫೆಲ್ ಟವರ್‌ನಲ್ಲಿ ನಾಲ್ಕನೇ ಮಹಡಿಯ ಅಡುಗೆಮನೆಯ ಫ್ರಿಜ್‌ನಿಂದ ಬೆಂಕಿ ಶುರುವಾಯಿತು. ಮನೆಯೊಳಗೇ ಇರಿ ಎಂಬ ಸೂಚನೆಯನ್ನು ಸುಮಾರು ಎರಡು ಗಂಟೆ ಬದಲಿಸಲಿಲ್ಲ. ಒಂದು ಫ್ಲ್ಯಾಟಿನ ಬೆಂಕಿ ಅದೇ ಫ್ಲ್ಯಾಟಿನಲ್ಲಿ ಉಳಿಯುತ್ತದೆ ಎಂಬ ಲೆಕ್ಕದ ಮೇಲೆ ನಿಂತ ಸೂಚನೆ ಅದು. ಅಲ್ಲಿ ಹೊರಗೋಡೆಗೆ ಹೊದಿಸಿದ್ದ ಅಲ್ಯೂಮಿನಿಯಂ ಹಾಳೆಗಳ ನಡುವೆ ಉರಿಯುವ ಪ್ಲಾಸ್ಟಿಕ್ ಇತ್ತು. ಬೆಂಕಿ ಹೊರಗಿನಿಂದಲೇ ಇಡೀ ಕಟ್ಟಡವನ್ನು ಸುತ್ತಿಕೊಂಡಿತು. 72 ಜನ ಸತ್ತರು. ಆದ್ದರಿಂದ ಒಳಗೆ ಕೂತವರು ಹೊರಗಿನವರ ಜೊತೆ ಫೋನಿನಲ್ಲಿ ಸಂಪರ್ಕದಲ್ಲಿರಬೇಕು, ದಾರಿ ತಿಳಿಯಾದ ಕೂಡಲೇ ಅಥವಾ ಅಪಾಯ ಹತ್ತಿರವಾದರೆ ಹೊರಡಲು ಸಿದ್ಧರಿರಬೇಕು.

ಬಾಲ್ಕನಿಯ ಗ್ರಿಲ್

2021ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟೊಂದರಲ್ಲಿ ಬೆಂಕಿ ಬಿದ್ದು ತಾಯಿ, ಮಗಳು ತೀರಿಕೊಂಡರು. ಬಾಲ್ಕನಿಗೆ ಬಂದರೂ ಕಬ್ಬಿಣದ ಗ್ರಿಲ್ ದಾಟಲಾಗದೆ ಕೂಗಿಕೊಳ್ಳುತ್ತಿದ್ದ ಆ ದೃಶ್ಯವನ್ನು ನೋಡಿದ ಯಾರೂ ಮರೆಯಲಾರರು. ಮಕ್ಕಳು ಬೀಳದಿರಲಿ, ಕೋತಿ, ಪಾರಿವಾಳ ಬಾರದಿರಲಿ ಎಂದು ಹಾಕಿಸುವ ಗ್ರಿಲ್ ಬೇಡ ಎನ್ನಲಾಗುವುದಿಲ್ಲ. ಆದರೆ ಅದರಲ್ಲಿ ದೊಡ್ಡವರೊಬ್ಬರು ನುಸುಳುವಷ್ಟು ಅಗಲದ, ಒಳಗಿನಿಂದ ತೆರೆಯುವ ಒಂದು ಪುಟ್ಟ ಗೇಟ್ ಇರಲೇಬೇಕು. ಬೀಗ ಹಾಕುವುದಾದರೆ ಕೀಲಿ ಮಕ್ಕಳಿಗೆ ಎಟುಕದ, ಆದರೆ ಕತ್ತಲಲ್ಲೂ ಕೈಗೆ ಸಿಗುವ ಮೊಳೆಯ ಮೇಲೆ, ಅಲ್ಲೇ ಪಕ್ಕದಲ್ಲಿ. ಬೀರುವಿನೊಳಗಿನ ಕೀಲಿ ಗೊಂಚಲಿನಲ್ಲಿ ಬೇಡ.

ಅಡುಗೆಮನೆಯಲ್ಲಿ

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ಕೈ ತಾನಾಗಿ ನೀರಿನ ಕಡೆ ಹೋಗುತ್ತದೆ. ಅಲ್ಲೇ ಅನಾಹುತ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಇಳಿಯುತ್ತದೆ. ಅಲ್ಲಿನ ಕಾವಿಗೆ ಕ್ಷಣದಲ್ಲಿ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ, ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎರಚುತ್ತದೆ. ಒಗ್ಗರಣೆಗೆ ಒಂದು ಹನಿ ನೀರು ಬಿದ್ದಾಗ ಸಿಡಿಯುವುದನ್ನು ಸಾವಿರ ಪಾಲು ಮಾಡಿ ಊಹಿಸಿಕೊಳ್ಳಿ. ಒಲೆ ಆರಿಸಿ, ಲೋಹದ ತಟ್ಟೆಯನ್ನೋ ಮುಚ್ಚಳವನ್ನೋ ಪಕ್ಕದಿಂದ ಜಾರಿಸಿ ಮುಚ್ಚಿ, ತಣ್ಣಗಾಗುವವರೆಗೆ ತೆರೆಯಬೇಡಿ. ಬಾಣಲೆ ಎತ್ತಿಕೊಂಡು ಸಿಂಕಿಗೆ ಓಡಬೇಡಿ.

ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು, ಹಾಕುವುದೂ ಬೇಡ, ಆರಿಸುವುದೂ ಬೇಡ. ಎರಡರಲ್ಲೂ ಕಿಡಿ ಹುಟ್ಟುತ್ತದೆ. ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಗ್ಯಾಸ್ ಹೊರಹೋಗುತ್ತದೆ ಎಂದುಕೊಳ್ಳುವವರು ಬಹಳ ಜನ; ಆ ಫ್ಯಾನಿನ ಕಿಡಿಯೇ ಸಾಕು. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ, ಚೆಲ್ಲಿದ ನೀರಿನ ಹಾಗೆ ನೆಲದ ಮೇಲೆ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ಮೇಲಿನ ಕಿಟಕಿಯೊಂದನ್ನೇ ತೆರೆದರೆ ಸಾಲದು, ನೆಲಮಟ್ಟದವರೆಗೆ ತೆರೆಯುವ ಬಾಲ್ಕನಿಯ ಬಾಗಿಲನ್ನೂ ತೆರೆಯಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಅದು ಸೂರಿನ ಕಡೆ ಏರುತ್ತದೆ. ರೆಗ್ಯುಲೇಟರನ್ನೋ ಪೈಪಿನ ವಾಲ್ವನ್ನೋ ಮುಚ್ಚಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು, ಅಲ್ಲಿಂದ ಫೋನ್ ಮಾಡಿ. ಸಿಲಿಂಡರ್ ಸೋರಿಕೆಗೆ 1906 ಇದೆ.

ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯನ್ನು ಮೇಲೆ ತಂದು ಚಾರ್ಜ್ ಮಾಡುವವರು ಒಂದು ವಿಷಯ ಗಮನಿಸಬೇಕು. ಲಿಥಿಯಂ ಬ್ಯಾಟರಿಯ ಒಂದು ಕೋಶ ಕೆಟ್ಟು ಕಾದರೆ ಪಕ್ಕದ ಕೋಶವನ್ನು ಕಾಯಿಸುತ್ತದೆ, ಅದು ಅದರ ಪಕ್ಕದ್ದನ್ನು. ಆರಿದಂತೆ ಕಂಡರೂ ಮತ್ತೆ ಹೊತ್ತಿಕೊಳ್ಳುತ್ತದೆ. ಮುಂಬಾಗಿಲ ಹತ್ತಿರ, ಶೂ ಸ್ಟ್ಯಾಂಡಿನ ಪಕ್ಕ ಚಾರ್ಜಿಗೆ ಇಟ್ಟರೆ ಇರುವ ಒಂದೇ ದಾರಿಯಲ್ಲಿ ಬೆಂಕಿ ಇಟ್ಟಂತೆ. ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗುವುದೂ ಬೇಡ.

ಗೋಡೆಯ ಕೆಂಪು ಸಿಲಿಂಡರ್, ತಳದ ಪಂಪು

ಕಾರಿಡಾರಿನ ಅಗ್ನಿಶಾಮಕ ಸಿಲಿಂಡರಿನ ಕೊರಳಲ್ಲಿ ಒಂದು ರೂಪಾಯಿ ನಾಣ್ಯದಷ್ಟಗಲದ ಮಾಪಕ ಇರುತ್ತದೆ. ಮುಳ್ಳು ಹಸಿರು ಭಾಗದಲ್ಲಿರಬೇಕು. ಬಳಸುವಾಗ ಪಿನ್ ಎಳೆದು, ಜ್ವಾಲೆಯ ತುದಿಗೆ ಬದಲು ಬುಡಕ್ಕೆ ಗುರಿಯಿಟ್ಟು, ಹಿಡಿ ಒತ್ತಿ, ಕಸ ಗುಡಿಸಿದಂತೆ ಎಡಕ್ಕೂ ಬಲಕ್ಕೂ ಆಡಿಸಬೇಕು. ಪುಡಿ ಬರುವುದು ಹತ್ತಿಪ್ಪತ್ತು ಸೆಕೆಂಡ್ ಮಾತ್ರ. ಕಸದ ಬುಟ್ಟಿಯಷ್ಟು ಬೆಂಕಿಗೆ ಅದು ಸಾಕು, ಪರದೆಗೆ ಹತ್ತಿದ ಬೆಂಕಿಗೆ ಸಾಲದು. ಹೊರಹೋಗುವ ದಾರಿ ಯಾವಾಗಲೂ ನಿಮ್ಮ ಬೆನ್ನ ಹಿಂದಿರಲಿ.

ಸೂರಿನಲ್ಲಿರುವ ಸ್ಪ್ರಿಂಕ್ಲರ್ ಬಗ್ಗೆ ಸಿನಿಮಾ ನೋಡಿ ತಪ್ಪು ತಿಳಿದವರಿದ್ದಾರೆ. ಎಲ್ಲವೂ ಒಟ್ಟಿಗೆ ಸುರಿಯುವುದಿಲ್ಲ. ಪ್ರತಿಯೊಂದರ ಬಾಯಿಗೂ ಬಣ್ಣದ ದ್ರವ ತುಂಬಿದ ಪುಟ್ಟ ಗಾಜಿನ ಬುರುಡೆ ಅಡ್ಡ ನಿಂತಿರುತ್ತದೆ. ಕೆಂಪು ದ್ರವದ್ದಾದರೆ 68 ಡಿಗ್ರಿಗೆ ಒಡೆಯುತ್ತದೆ. ಯಾವುದು ಕಾಯಿತೋ ಅದಷ್ಟೇ ಸುರಿಯುತ್ತದೆ.

ಈ ಸ್ಪ್ರಿಂಕ್ಲರುಗಳಿಗೆ ನೀರು ಕೊಡುವುದು ತಳಮಹಡಿಯ ಪಂಪ್ ಕೋಣೆ. ಅಲ್ಲಿನ ಚಿಕ್ಕ ಜಾಕಿ ಪಂಪ್ ಪೈಪಿನಲ್ಲಿ ಒತ್ತಡ ಕಾಯುತ್ತಿರುತ್ತದೆ, ಒತ್ತಡ ಬಿದ್ದರೆ ದೊಡ್ಡದು ಓಡುತ್ತದೆ, ಕರೆಂಟ್ ಇಲ್ಲದಿದ್ದರೆ ಡೀಸೆಲ್ ಪಂಪ್. ಪ್ಯಾನೆಲಿನ ಸ್ವಿಚ್ ಆಟೋ ಸ್ಥಾನದಲ್ಲಿದ್ದರೆ ಮಾತ್ರ ಇದೆಲ್ಲ ನಡೆಯುತ್ತದೆ. ಎಲ್ಲೋ ಪೈಪ್ ಸೋರಿ ಪಂಪ್ ಪದೇ ಪದೇ ಓಡುತ್ತಿದೆ ಎಂದು ಯಾರೋ ಸ್ವಿಚ್ಚನ್ನು ತಿರುಗಿಸಿ ಮರೆತುಬಿಟ್ಟಿರುತ್ತಾರೆ. ನಮ್ಮಲ್ಲಿ ಹಾಗೇ ಆಗಿತ್ತು. ಎಷ್ಟು ತಿಂಗಳಿಂದ ಎಂದು ಹೇಳುವವರೇ ಸಿಗಲಿಲ್ಲ.

ಏಣಿ ಬರುತ್ತದೆ ಎಂದು ಕಾಯುವ ಮೊದಲು

ಕರ್ನಾಟಕದ ಅಗ್ನಿಶಾಮಕ ಇಲಾಖೆಯ ಬಳಿ 90 ಮೀಟರ್ ಎತ್ತರ ತಲುಪುವ ಏಣಿ ವಾಹನವಿದೆ. ಆದರೆ ಅಂಥ ವಾಹನ ಬೆಂಗಳೂರಿನ ದಟ್ಟಣೆ ದಾಟಿ, ನಿಮ್ಮ ಗೇಟಿನೊಳಕ್ಕೆ ತಿರುಗಿ, ನಾಲ್ಕೂ ಕಾಲು ಚಾಚಿ ನಿಲ್ಲಲು ಗಟ್ಟಿ ನೆಲ ಬೇಕು. ಕಟ್ಟಡದ ಸುತ್ತ ಬಿಡಬೇಕಾದ ಆ ಜಾಗದಲ್ಲಿ ಅತಿಥಿಗಳ ಕಾರು ನಿಂತಿದ್ದರೆ, ಶಾಮಿಯಾನದ ಕಂಬ ನೆಟ್ಟಿದ್ದರೆ ಏಣಿ ಇದ್ದೂ ಇಲ್ಲದಂತೆ. ಗೇಟಿನ ಕಮಾನು ಎಷ್ಟು ಎತ್ತರವಿದೆ ಎಂದು ಅಳೆದು ನೋಡಿ.

ಇಳಿಯಲಾಗದವರು

ಹೋದ ವರ್ಷ ಅಣಕು ಕಾರ್ಯಾಚರಣೆ ಮಾಡಿದೆವು. ಬೆಳಿಗ್ಗೆ ಹನ್ನೊಂದಕ್ಕೆ ಅಲಾರಂ ಕೂಗಿಸಿದಾಗ ಅರ್ಧಕ್ಕರ್ಧ ಜನ ಬಾಗಿಲು ತೆರೆದು, ಯಾರೋ ರಿಪೇರಿ ಮಾಡುತ್ತಿದ್ದಾರೆ ಎಂದು ಮತ್ತೆ ಮುಚ್ಚಿದರು. ಮೂರು ಜನ ಲಿಫ್ಟಿನ ಬಟನ್ ಒತ್ತಿದರು. ಬಂದವರನ್ನು ಗೇಟಿನ ಬಳಿಯ ಬೇವಿನ ಮರದ ಕೆಳಗೆ ಸೇರಿಸಿ ಫ್ಲ್ಯಾಟ್ ಪ್ರಕಾರ ಎಣಿಸಿದೆವು. ಹೀಗೆ ಒಂದೇ ಜಾಗದಲ್ಲಿ ಸೇರುವುದು ಏಕೆಂದರೆ, ಯಾರು ಬಂದಿಲ್ಲ ಎಂದು ತಿಳಿಯದಿದ್ದರೆ ಸಿಬ್ಬಂದಿ ಖಾಲಿ ಮನೆಗಳಲ್ಲೂ ಹುಡುಕುತ್ತಾ ಕಾಲ ಕಳೆಯಬೇಕಾಗುತ್ತದೆ.

ಒಂಬತ್ತನೇ ಮಹಡಿಯ ಅಜ್ಜಿ ಬಂದಿರಲಿಲ್ಲ. ಹೋಗಿ ನೋಡಿದರೆ ಸೋಫಾದಲ್ಲಿ ಕೂತಿದ್ದರು. "ಈ ಮಂಡಿ ಇಟ್ಕೊಂಡು ನಾನೆಲ್ಲಿ ಇಳೀಲಪ್ಪ? ನೀವು ಹೋಗಿ, ನನ್ನ ಬಿಟ್ಬಿಡಿ" ಎಂದರು. ಮಗ, ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಅವರು ಒಬ್ಬರೇ.

ಅವತ್ತಿನಿಂದ ನಮ್ಮ ಭದ್ರತಾ ಕೋಣೆಯಲ್ಲಿ ಒಂದು ಹಾಳೆ ಇದೆ. ಒಬ್ಬರೇ ಇಳಿಯಲಾಗದವರು ಯಾವ ಫ್ಲ್ಯಾಟಿನಲ್ಲಿದ್ದಾರೆ, ಯಾವ ಕೋಣೆಯಲ್ಲಿ ಮಲಗುತ್ತಾರೆ, ಹಗಲು ಯಾರು ಹತ್ತಿರ ಇರುತ್ತಾರೆ ಎಂದು ಅದರಲ್ಲಿದೆ. ಮೊದಲು ಬಂದ ಅಗ್ನಿಶಾಮಕ ಅಧಿಕಾರಿಯ ಕೈಗೆ ಅದನ್ನು ಕೊಡಬೇಕೆಂದು ಮೂರೂ ಪಾಳಿಯ ಕಾವಲುಗಾರರಿಗೆ ಹೇಳಿಕೊಟ್ಟಿದ್ದೇವೆ. ಎದುರು ಮನೆಯವರ ಹತ್ತಿರ ಅಜ್ಜಿಯ ಬಾಗಿಲಿನ ಇನ್ನೊಂದು ಕೀಲಿ ಇದೆ. ಅವರ ಮಂಚವನ್ನು ಹಿಂದಿನ ಕೋಣೆಯಿಂದ ರಸ್ತೆ ಕಡೆಯ ಕೋಣೆಗೆ ಬದಲಾಯಿಸಿದೆವು. ಮಂಚದ ಕೆಳಗೆ ಎರಡು ಹಳೆ ಸೀರೆ, ಮುಚ್ಚಳ ಹಾಕಿದ ಒಂದು ಬಕೆಟ್ ನೀರು, ದಾರ ಕಟ್ಟಿದ ಒಂದು ಸೀಟಿ. ಬಾಗಿಲ ಸಂದಿಗೆ ಸೀರೆ ತುರುಕುವುದನ್ನು ಅಜ್ಜಿ ಕೋಲು ಊರಿಕೊಂಡೇ ಎರಡು ಸಲ ಮಾಡಿ ತೋರಿಸಿದರು. ಎರಡನೇ ಸಲ ಒಂದು ನಿಮಿಷದೊಳಗೆ ಮುಗಿಯಿತು.